ಒಂದು ದಿನದ ಭಾಷಣಕ್ಕೆ ಶಾಲೆಯ ಅನುದಾನ ಸುರಿಯಬೇಡಿ

ಜೂನ್ ಬಂತೆಂದರೆ ಅವೇ ಪ್ರಶ್ನೆಗಳು, ಕೈಬರಹ ಮಾತ್ರ ಬೇರೆ. ಬುಲ್ಲಿಯಿಂಗ್ ಅಂದರೇನು, ತಮಾಷೆಗೂ ಅದಕ್ಕೂ ಏನು ವ್ಯತ್ಯಾಸ ಎಂದು ಇಲ್ಲಿ ವಿವರಿಸುವುದಿಲ್ಲ. ನಿಮ್ಮ ಮಗು ಹೇಳಬಲ್ಲದು, ಅದನ್ನೇ ಕೇಳಿ. ಈ ಸಲ ದುಡ್ಡಿನ ಪ್ರಶ್ನೆಗೇ ಹೆಚ್ಚು ಜಾಗ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ. 180 ಮಕ್ಕಳಿದ್ದಾರೆ. ದೊಡ್ಡ ಹುಡುಗರು ಚಿಕ್ಕವರನ್ನು ಗೋಳುಹೊಯ್ದುಕೊಳ್ಳುತ್ತಾರೆಂದು ಪೋಷಕರ ದೂರು. 18 ಸಾವಿರ ಕೊಟ್ಟರೆ ಒಂದು ದಿನದ ಕಾರ್ಯಕ್ರಮ ಮಾಡಿ 'ಬುಲ್ಲಿಯಿಂಗ್ ಮುಕ್ತ ಶಾಲೆ' ಪ್ರಮಾಣಪತ್ರ ಕೊಡುತ್ತೇವೆ ಎಂದು ಸಂಸ್ಥೆಯೊಂದು ಬಂದಿದೆ. ಶಾಲಾ ಅನುದಾನದಿಂದ ಕೊಡಬಹುದೇ? ಇದಕ್ಕೆಂದೇ ಸರ್ಕಾರದ ಹಣ ಇಲ್ಲವೇ?

ಉತ್ತರ: ಕೊಡಬೇಡಿ. ಶಾಲೆಗಳಿಗೆ ಹಣ ಕೊಡುವ ಸರ್ಕಾರಿ ಯೋಜನೆಯಾದ ಸಮಗ್ರ ಶಿಕ್ಷಣದ ಲೆಕ್ಕದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಸಂಯುಕ್ತ ಅನುದಾನ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಉಳಿದದ್ದರಲ್ಲಿ ಕರೆಂಟ್ ಬಿಲ್, ನಲ್ಲಿ ರಿಪೇರಿ, ಕಲಿಕಾ ಸಾಮಗ್ರಿ ಎಲ್ಲ ಆಗಬೇಕು. ಮೂರರಲ್ಲೊಂದು ಪಾಲಿಗೂ ಹೆಚ್ಚನ್ನು ಒಂದು ದಿನದ ಭಾಷಣಕ್ಕೆ ಕೊಟ್ಟರೆ ಆಡಿಟ್‌ನವರು ಕೇಳುವ ಮೊದಲು ಪೋಷಕರೇ ಕೇಳಬೇಕು.

ಆ ಪ್ರಮಾಣಪತ್ರವಂತೂ ಶುದ್ಧ ಸುಳ್ಳು. ನಾನಾ ದೇಶಗಳ ಇಂಥ ಕಾರ್ಯಕ್ರಮಗಳ 100 ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಇಷ್ಟು: ಕಾಟ ಕೊಡುವುದು ಶೇ 19–20, ಕಾಟ ತಿನ್ನುವುದು ಶೇ 15–16 ತಗ್ಗಿದೆ. ಇದು ಸಣ್ಣದಲ್ಲ, ಆದರೆ 'ಮುಕ್ತ' ಎನ್ನುವ ಶಾಲೆಯನ್ನು ಯಾರೂ ತೋರಿಸಿಲ್ಲ.

ಸರ್ಕಾರದ ದುಡ್ಡು ಬಂದರೆ ಸಾಕು ಎಂದುಕೊಂಡಿರುವವರಿಗೆ ನಾರ್ವೆಯ ಕಥೆ ಹೇಳಬೇಕು. 1982ರ ಕೊನೆಯಲ್ಲಿ ಆ ದೇಶದ ಉತ್ತರ ಭಾಗದಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಿರುಕುಳವೇ ಕಾರಣವಿರಬಹುದೆಂಬ ಸುದ್ದಿ ದೇಶವನ್ನು ಅಲುಗಾಡಿಸಿತು. 1983ರಲ್ಲಿ ಸರ್ಕಾರವೇ ಇಡೀ ದೇಶದ ಶಾಲೆಗಳಲ್ಲಿ ಆಂದೋಲನ ನಡೆಸಿತು. ಶಿಕ್ಷಕರಿಗೆ ಕೈಪಿಡಿ, ಪೋಷಕರಿಗೆ ಮಾಹಿತಿ, ಮಕ್ಕಳಿಗೆ ಪ್ರಶ್ನಾವಳಿ, ವಿಡಿಯೊ. ಬರ್ಗನ್ ನಗರದಲ್ಲಿ ಸಂಶೋಧಕ ಡಾನ್ ಓಲ್ವೇಯಸ್ ತಂಡ ಸುಮಾರು 2,500 ಮಕ್ಕಳನ್ನು ಎರಡೂವರೆ ವರ್ಷ ಹಿಂಬಾಲಿಸಿ, ಕಾಟ ಅರ್ಧಕ್ಕರ್ಧ ಇಳಿಯಿತೆಂದು ವರದಿ ಮಾಡಿತು. ಅದೇ ಆಂದೋಲನವನ್ನು ರೋಗಲಾಂಡ್ ಪ್ರಾಂತ್ಯದಲ್ಲಿ ಮೂರು ವರ್ಷದ ನಂತರ ಅಳೆದವರಿಗೆ ಅಂಥ ಇಳಿಕೆ ಸಿಗಲೇ ಇಲ್ಲ. ಬರ್ಗನ್ ಶಾಲೆಗಳಿಗೆ ಸಂಶೋಧಕರು ಹೋಗಿಬರುತ್ತಿದ್ದರು, ಸಮೀಕ್ಷೆಯಲ್ಲಿ ಏನು ಕಂಡಿತೆಂದು ಶಿಕ್ಷಕರ ಮುಂದಿಟ್ಟು ಕೂತು ಮಾತಾಡುತ್ತಿದ್ದರು. ರೋಗಲಾಂಡ್‌ಗೆ ಸಾಮಗ್ರಿ ಹೋಯಿತು, ಅಂಥ ಬೆಂಬಲ ಹೋಗಲಿಲ್ಲ. ಆ ಸಾಮಗ್ರಿಯಷ್ಟೂ ಇಲ್ಲದ ಪವರ್‌ಪಾಯಿಂಟ್ ನಿಮ್ಮಲ್ಲಿಗೆ ಬಂದ ಸಂಸ್ಥೆಯವರದು.

ಫಿನ್‌ಲ್ಯಾಂಡ್ ಪಾಠ ಕಲಿತಿತ್ತು. ಶಿಕ್ಷಣ ಸಚಿವಾಲಯವೇ ಹಣ ಕೊಟ್ಟು ಟುರ್ಕು ವಿಶ್ವವಿದ್ಯಾಲಯದಿಂದ 'ಕಿವಾ' ಎಂಬ ಕಾರ್ಯಕ್ರಮ ಮಾಡಿಸಿತು, 2007ರಿಂದ 2009ರವರೆಗೆ 234 ಶಾಲೆಗಳಲ್ಲಿ ಪರೀಕ್ಷಿಸಿ ನೋಡಿ, ಆಮೇಲೆ ದೇಶಕ್ಕೆ ಹರಡಿತು. ಅದರಲ್ಲಿ ನನಗೆ ಇಷ್ಟವಾದದ್ದು ಕಂಪ್ಯೂಟರ್ ಆಟಗಳಲ್ಲ. ಆಟದ ಬಿಡುವಿನಲ್ಲಿ ಮೈದಾನ ಕಾಯುವ ಶಿಕ್ಷಕರಿಗೆ ಕಣ್ಣಿಗೆ ಹೊಡೆಯುವಂಥ ಬಣ್ಣದ ಜಾಕೆಟ್ ಕೊಡುತ್ತಾರೆ. ದೊಡ್ಡವರೊಬ್ಬರು ಇಲ್ಲಿದ್ದಾರೆ ಎಂಬುದು ಮಗುವಿಗೆ ದೂರದಿಂದಲೇ ಕಾಣಬೇಕು. ಪ್ರತಿ ಶಾಲೆಯಲ್ಲಿ ಮೂವರ ತಂಡ ಇರುತ್ತದೆ. ದೂರು ಬಂದರೆ ಕಾಟ ತಿಂದವರನ್ನೂ ಕೊಟ್ಟವರನ್ನೂ ಬೇರೆ ಬೇರೆಯಾಗಿ ಕರೆದು ಮಾತಾಡಿಸುತ್ತದೆ, ಕೆಲದಿನ ಬಿಟ್ಟು ಮತ್ತೆ ಕರೆದು ನಿಂತಿತೇ ಎಂದು ವಿಚಾರಿಸುತ್ತದೆ. ಈ ಎರಡನೆಯ ಕರೆಯನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ.

ನಿಮ್ಮ ಶಾಲೆಗೆ ಬನ್ನಿ. ಮೊದಲು ಖರ್ಚಿಲ್ಲದ ಕೆಲಸ: ಶಾಲೆಯ ನಕ್ಷೆ ಬರೆದು ಒಬ್ಬೊಬ್ಬ ಮಗುವಿಗೂ ಒಂದೊಂದು ಹಾಳೆ ಕೊಡಿ, ಭಯವಾಗುವ ಜಾಗಕ್ಕೆ ಗುರುತು ಹಾಕಲಿ, ಹೆಸರು ಬೇಡ. ಶೌಚಾಲಯದ ಹಿಂಭಾಗ, ಬಿಸಿಯೂಟದ ಸಾಲು, ನಲ್ಲಿಕಟ್ಟೆ, ಗೇಟಿನ ಹೊರಗಿನ ತಿರುವು. ಬಹುತೇಕ ಗುರುತುಗಳು ಅಲ್ಲೇ ಬೀಳುತ್ತವೆ. ಆ ಜಾಗಗಳಿಗೆ ಪಾಳಿ ಹಾಕಿ. ಶಿಕ್ಷಕರಿಗೆ ಬಿಡುವೆಲ್ಲಿದೆ ಎಂದು ಮುಖ್ಯ ಶಿಕ್ಷಕರು ಹೇಳುತ್ತಾರೆ, ಅದು ನಿಜವೂ ಹೌದು. ಊಟದ ಹೊತ್ತಿಗೆ ಇಬ್ಬಿಬ್ಬರು ತಾಯಂದಿರು ಬಂದು ನಿಂತರೂ ಆಗುತ್ತದೆ. ಅನುದಾನದಲ್ಲಿ ಶೌಚಾಲಯದ ಚಿಲಕ, ಬಾಗಿಲು ಸರಿಮಾಡಿಸಿ. ಬಿಲ್ಲು ಪಾಸಾಗುತ್ತದೆ, ಚಿಕ್ಕ ಮಕ್ಕಳಿಗೂ ಉಪಕಾರವಾಗುತ್ತದೆ.

ಇದಕ್ಕೆಂದೇ ಹಣವಿದೆಯೇ ಅಂದಿರಿ. ಆ ಹೆಸರಿನ ಲೆಕ್ಕಶೀರ್ಷಿಕೆ ಸಮಗ್ರ ಶಿಕ್ಷಣದಲ್ಲಿ ಇಲ್ಲ. ಬೇರೆ ಹೆಸರುಗಳಡಿ ಹುಡುಕಬೇಕು. 2020ರ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರಿಗೆ ತರಬೇತಿ, ವಾರಕ್ಕೊಂದು ಗಂಟೆ ಪಾಠ. ಅದರ 11 ವಿಷಯಗಳಲ್ಲಿ ಮನಸ್ಸಿನ ಆರೋಗ್ಯವೂ ಹಿಂಸೆಯಿಂದ ರಕ್ಷಣೆಯೂ ಇವೆ. ನಿಮ್ಮ ಶಾಲೆಯ ಆ ಇಬ್ಬರು ಯಾರು, ಆ ಗಂಟೆ ವೇಳಾಪಟ್ಟಿಯಲ್ಲಿ ಇದೆಯೇ, ಕೇಳಿ. ದುಡ್ಡು ಆಗಲೇ ಖರ್ಚಾಗಿರುವ ಕೆಲಸ ಅದು. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾಭಿವೃದ್ಧಿ ಯೋಜನೆ ಬರೆಯಬೇಕಾದವರು ನೀವು, ಸರ್ಕಾರ ಅನುದಾನ ಕೊಡಲು ಅದೇ ಆಧಾರ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಆಪ್ತಸಲಹೆಗಾರರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕೆಂದು ಮಾರ್ಗಸೂಚಿ ಕೊಟ್ಟಿದೆ. ಸಂಬಳ ಎಲ್ಲಿಂದ ಎಂಬುದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ. ಈ ಬೇಡಿಕೆಯನ್ನು ಯೋಜನೆಯಲ್ಲಿ ಬರೆದು, ಸಭೆಯ ನಡಾವಳಿಯಲ್ಲಿ ದಾಖಲಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಲ್ಲಿ ಕೇಳಿದ್ದಕ್ಕೆ ಬಜೆಟ್ ಬರುವುದಿಲ್ಲ.

ಪ್ರಶ್ನೆ: ಸಿಸಿಟಿವಿ ಹಾಕಿಸಿದರೆ?

ಉತ್ತರ: ಕ್ಯಾಮೆರಾ ಇಲ್ಲದ ಜಾಗ ಯಾವುದೆಂದು ಎರಡೇ ದಿನದಲ್ಲಿ ಹುಡುಗರಿಗೆ ಗೊತ್ತಾಗುತ್ತದೆ. ಆಮೇಲೆ ದೃಶ್ಯ ನೋಡುವವರು ಯಾರು?

ಪ್ರಶ್ನೆ: ತರಗತಿಯ ಲೀಡರ್‌ಗಳಿಗೇ ಕಾವಲು ವಹಿಸಿದ್ದೇವೆ. ಸರಿಯೇ?

ಉತ್ತರ: ತಪ್ಪು. ಮಕ್ಕಳ ಕೈಗೇ ಈ ಕೆಲಸ ಕೊಟ್ಟ ಕಡೆ ಕಾಟ ಹೆಚ್ಚಾದದ್ದು ಕೆಲವು ಸಂಶೋಧನೆಗಳಲ್ಲಿ ಕಂಡಿದೆ. ಗೋಳುಹೊಯ್ದುಕೊಳ್ಳುವವನೇ ಲೀಡರ್ ಆಗಿರುವುದೂ ಅಪರೂಪವಲ್ಲ.

ಪ್ರಶ್ನೆ: ಮಗನ ಆತ್ಮವಿಶ್ವಾಸಕ್ಕೆ ಮಿಡ್‌ಬ್ರೈನ್ ಆಕ್ಟಿವೇಷನ್ ಕೋರ್ಸ್ ಸೇರಿಸಲೇ?

ಉತ್ತರ: ಮಿದುಳು ಚುರುಕಾಯಿತೆಂದು ತೋರಿಸಲು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸುವವರು ನಿಮ್ಮ ಕಣ್ಣಿಗೇ ಬಟ್ಟೆ ಕಟ್ಟುತ್ತಿದ್ದಾರೆ.

ಪ್ರಶ್ನೆ: ನಮ್ಮ ಕಾಲದಲ್ಲೂ ಇತ್ತು, ನಾವೇನು ಹಾಳಾದೆವಾ?

ಉತ್ತರ: ಕಾಟ ತಾಳದೆ ಶಾಲೆ ಬಿಟ್ಟವರು ಈ ಪತ್ರ ಬರೆದಿಲ್ಲ.

ಪ್ರಶ್ನೆ: ಬಿಸಿಯೂಟದ ಸಾಲಿನಲ್ಲಿ ನನ್ನ ಮಗಳ ಜಾತಿ ಹಿಡಿದು ಅಣಕಿಸುತ್ತಾರೆ. ಮಕ್ಕಳಾಟ, ಬಿಟ್ಟುಬಿಡಿ ಅನ್ನುತ್ತಾರೆ ಮುಖ್ಯ ಶಿಕ್ಷಕರು.

ಉತ್ತರ: ಬಿಡಬೇಡಿ ಅಮ್ಮಾ. ದಿನಾಂಕ, ಆಡಿದ ಮಾತು, ಇದ್ದವರ ಹೆಸರು ಬರೆದು ಲಿಖಿತ ದೂರು ಕೊಡಿ, ನಕಲು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಅಲ್ಲಿ ಕೇಳದಿದ್ದರೆ ಬಿಇಒ, ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098. ಎಲ್ಲರ ಮುಂದೆ ಕೈಕುಲುಕಿಸಿ ರಾಜಿ ಮಾಡಿಸುತ್ತೇವೆ ಅಂದರೆ ಒಪ್ಪಬೇಡಿ. ಮಗಳ ಜೊತೆ ಊಟಕ್ಕೆ ಯಾರು ಕೂರುತ್ತಾರೆ ಎಂದು ಮಾತ್ರ ದಿನವೂ ಕೇಳುತ್ತಿರಿ.