14 ಇಂಚಿನ ಮರದ ಬಟ್ಟಲು ಕಡೆಯಲು ಎಂಥ ಲೇತ್ ಕೊಳ್ಳಬೇಕು?

ನಿಮ್ಮಲ್ಲಿರುವುದು ಮೇಜಿನ ಮೇಲಿಡುವ 10 ಇಂಚಿನ ಲೇತ್, ಅಂದರೆ ಹೆಚ್ಚೆಂದರೆ 10 ಇಂಚು ವ್ಯಾಸದ ತುಂಡು ತಿರುಗಿಸಬಲ್ಲ ಕಡೆಯುವ ಯಂತ್ರ. ಹಲಸಿನ ಮರದಲ್ಲಿ 14 ಇಂಚಿನ ಬಟ್ಟಲು ಕಡೆಯುವ ಆಸೆ. 16 ಇಂಚಿನದು ಸಾಕೇ, 20 ಇಂಚಿನದೇ ಬೇಕೇ ಎಂದು ಕೇಳಿದ್ದೀರಿ. ನಾನಾದರೆ 16ರದ್ದನ್ನೇ ಕೊಳ್ಳುತ್ತೇನೆ. ಆದರೆ ಇಂಚಿನ ಮಾತಿಗೆ ಮೊದಲು ಅಂಗಡಿಯವರನ್ನು ಕೇಳಬೇಕಾದದ್ದು ಬೇರೆ: ಇದು ಎಷ್ಟು ನಿಧಾನವಾಗಿ ತಿರುಗುತ್ತದೆ, ಎಷ್ಟು ತೂಗುತ್ತದೆ?

ಹಸಿ ಹಲಸಿನ ತುಂಡು ಎಷ್ಟೇ ದುಂಡಗೆ ಕೊಯ್ದರೂ ಒಂದು ಮಗ್ಗುಲು ಭಾರವಾಗಿಯೇ ಇರುತ್ತದೆ. ನಿಮಿಷಕ್ಕೆ 500 ಸುತ್ತಿಗಿಂತ ಕೆಳಗಿಳಿಯದ ಲೇತಿಗೆ ಅದನ್ನು ಕಚ್ಚಿಸಿ ಸ್ವಿಚ್ ಹಾಕಿದರೆ ಯಂತ್ರವೇ ನೆಲದ ಮೇಲೆ ನಡೆಯತೊಡಗುತ್ತದೆ, ಉಳಿ ಕೈಯಲ್ಲಿ ನಿಲ್ಲುವುದಿಲ್ಲ. ನಿಮಿಷಕ್ಕೆ 100 ಸುತ್ತಿನ ಆಸುಪಾಸಿಗೆ ಇಳಿಯಬೇಕು. ತುಂಡು ಸಮನಾದ ಮೇಲೆ, ಇಂಚಿನಲ್ಲಿ ವ್ಯಾಸವನ್ನು ಸುತ್ತಿನಿಂದ ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು ಎಂಬುದು ಕಡೆಯುವವರ ರೂಢಿಯ ಲೆಕ್ಕ. 14 ಇಂಚಿಗೆ ಅದು ಸುಮಾರು 430ರಿಂದ 640. ಅವಸರಪಟ್ಟು 1000ಕ್ಕೆ ಏರಿಸಿದರೆ ಬಟ್ಟಲಿನ ಅಂಚು ಗಂಟೆಗೆ 67 ಕಿಲೋಮೀಟರ್ ವೇಗದಲ್ಲಿ ನಿಮ್ಮ ಮುಖದ ಮುಂದೆ ಓಡುತ್ತಿರುತ್ತದೆ.

ಚನ್ನಪಟ್ಟಣದ ಕಡೆತ ನೋಡಿ ವೇಗದ ಅಂದಾಜು ಮಾಡಬೇಡಿ. ಅಲ್ಲಿನದು ಹಗುರವಾದ ಆಲೆಮರದ ಸಣ್ಣ ತುಂಡು. ಅರಗಿನ ಕಡ್ಡಿ ಉಜ್ಜಿದ ಬಿಸಿಗೇ ಕರಗಿ ಹತ್ತಬೇಕಾದ್ದರಿಂದ ಆ ಹೆಚ್ಚಿನ ವೇಗ ಅವರಿಗೆ ಬೇಕು. ನಿಮಗೆ ಬೇಡ.

ಮೋಟಾರು 1.5ರಿಂದ 2 ಎಚ್‌ಪಿ ಇರಲಿ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ವಿದ್ಯುತ್ ಸಾಧನ) ಹಾಕಿದ ಲೇತ್‌ನಲ್ಲಿ ಗುಬುಟು ತಿರುಗಿಸಿ ವೇಗ ಇಳಿಸಬಹುದು, ಆದರೆ ಇಳಿಸಿದಷ್ಟೂ ಮೋಟಾರಿನ ಶಕ್ತಿಯೂ ಇಳಿಯುತ್ತದೆ. ಹಾಗಾಗಿ ಬೆಲ್ಟ್ ಬದಲಿಸಲು ಎರಡು ಮೂರು ಮೆಟ್ಟಿಲಿನ ಪುಲ್ಲಿಯೂ ಇರಬೇಕು. ದೊಡ್ಡ ಬಟ್ಟಲಿಗೆ ಬೆಲ್ಟನ್ನು ನಿಧಾನದ ಮೆಟ್ಟಿಲಿಗೇ ಹಾಕಿ. ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ನಡೆಸುವುದಾದರೆ ಮೋಟಾರಿನ ಫಲಕ ಓದಿ. ಮೂರು ಫೇಸಿನ 415 ವೋಲ್ಟ್ ಮಾತ್ರ ಬರೆದಿದ್ದರೆ, 230 ವೋಲ್ಟಿನ ವಿಎಫ್‌ಡಿಯಿಂದ ಅದು ಪೂರ್ತಿ ಬಲ ಕೊಡುವುದಿಲ್ಲ.

ಇನ್ನು ಅಳತೆ. ನಮ್ಮಲ್ಲಿ ಲೇತನ್ನು ಬೆಡ್ಡಿನ (ಯಂತ್ರದ ಉದ್ದನೆಯ ತಳದ) ಉದ್ದದಿಂದ, ಅಂದರೆ ನಾಲ್ಕೂವರೆ ಅಡಿ, ಆರು ಅಡಿ ಎಂದು ಮಾರುವುದುಂಟು. ಬಟ್ಟಲಿಗೆ ಆ ಉದ್ದ ದಂಡ. ಬೆಡ್ಡಿನಿಂದ ಸೆಂಟರಿನ, ಅಂದರೆ ತುಂಡು ತಿರುಗುವ ನಡುಬಿಂದುವಿನ, ಎತ್ತರ 8 ಇಂಚಿದ್ದರೆ 16 ಇಂಚಿನ ತುಂಡು ತಿರುಗುತ್ತದೆ. ಉಳಿ ಆನಿಸುವ ರೆಸ್ಟಿನ ಬುಡ ತುಂಡಿನ ಅಡಿಗೆ ಹೋಗಬೇಕೆಂದರೆ ಅದರಲ್ಲೂ ಇಂಚು ಎರಡಿಂಚು ಕಳೆಯಿರಿ. ಹಸಿಮರವನ್ನು ವ್ಯಾಸದ ಹತ್ತನೆಯ ಒಂದು ಭಾಗದಷ್ಟು ದಪ್ಪ ಉಳಿಸಿ ಕಡೆದು, ತಿಂಗಳುಗಟ್ಟಲೆ ಒಣಗಿಸಿ ಮತ್ತೆ ಕಡೆಯುತ್ತೇವೆ. ಅಷ್ಟರಲ್ಲಿ ಅದು ಮೊಟ್ಟೆಯಾಕಾರಕ್ಕೆ ಸೊಟ್ಟಗಾಗಿರುತ್ತದೆ. ಹಾಗಾಗಿ 14 ಇಂಚಿನ ಹಸಿ ತುಂಡು ಕೊನೆಗೆ 13ರ ಹತ್ತಿರದ ಬಟ್ಟಲಾಗುತ್ತದೆ. ಮುಗಿದ ಮೇಲೂ ಪೂರ್ತಿ 14 ಇಂಚೇ ಇರಬೇಕೆಂಬ ಹಟವಿದ್ದರೆ ಮಾತ್ರ 18 ಇಂಚಿನದನ್ನು ನೋಡಿ. 20 ಇಂಚಿನ ಬಟ್ಟಲಿನಲ್ಲಿ ಯಾರ ಮನೆಯಲ್ಲಿ ಊಟ ಮಾಡುತ್ತಾರೋ ನನಗಂತೂ ತಿಳಿಯದು!

ಅಗ್ಗಕ್ಕೆ ಸಿಗುತ್ತದೆಂದು ಕಬ್ಬಿಣ ಕಡೆಯುವ ಹಳೆಯ ಲೇತ್ ತರಬೇಡಿ. ಅದರ ಎಣ್ಣೆ ಹಚ್ಚಿದ ಸ್ಲೈಡುಗಳಿಗೆ ಮರದ ಹೊಟ್ಟು ಅಂಟಿ ಕೆಸರಾಗುತ್ತದೆ, ಕೈಉಳಿ ಆನಿಸಲು ಸರಿಯಾದ ರೆಸ್ಟೂ ಇರುವುದಿಲ್ಲ.

ಕೊಳ್ಳುವ ದಿನ ನಿಮ್ಮ ಈಗಿನ ಚಕ್ಕನ್ನು, ಅಂದರೆ ತುಂಡನ್ನು ಕಚ್ಚಿ ಹಿಡಿಯುವ ಭಾಗವನ್ನು, ಜೊತೆಗೊಯ್ದು ಹೊಸ ಲೇತಿಗೆ ಕೂರುತ್ತದೆಯೇ ನೋಡಿ. ಸಣ್ಣ ಲೇತ್‌ಗಳಲ್ಲಿ ಚಕ್ ಕೂರಿಸಲು ಸಾಮಾನ್ಯವಾಗಿ 1 ಇಂಚು ದಪ್ಪದ, ಇಂಚಿಗೆ 8 ಎಳೆಯ ಥ್ರೆಡ್ ಇರುತ್ತದೆ. ದೊಡ್ಡವುಗಳಲ್ಲಿ ಒಂದೂಕಾಲು ಇಂಚು ಅಥವಾ ಎಂ33 (33 ಮಿಲಿಮೀಟರ್). ಒಳಗಿನ ಇನ್ಸರ್ಟ್ (ಥ್ರೆಡ್ ಇರುವ ಬಿಡಿಭಾಗ) ಬದಲಿಸಬಹುದಾದ ಚಕ್ ಆಗಿದ್ದರೆ ಹೊಸದಕ್ಕೆ ಖರ್ಚು ಮಾಡಬೇಕಿಲ್ಲ, ಆ ಹಣಕ್ಕೆ ಒಳ್ಳೆಯ ಉಳಿಯೊಂದು ಬರುತ್ತದೆ.