‘ಕಾಮುಕನ ಮನಸ್ಸು’ ಲೇಖನ ಕಳುಹಿಸಿದವರಿಗೆ

ಮಾನ್ಯರೇ,

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಎಸಗುವವರನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ನಿಮ್ಮ ಭಾಷೆ ಚೆನ್ನಾಗಿದೆ, ಓದು ಸಾಲದು.

ಮೊದಲ ಪುಟದಲ್ಲೇ ಅಪರಾಧಿಯನ್ನು ಕತ್ತಲಲ್ಲಿ ಹೊಂಚುಹಾಕುವ ಅಪರಿಚಿತ ರಾಕ್ಷಸನನ್ನಾಗಿ ಚಿತ್ರಿಸಿದ್ದೀರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ತೆರೆದಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿಯ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿಯು ಮಗುವಿಗೆ ಪರಿಚಿತನೇ ಎಂಬುದು ತಿಳಿಯುತ್ತಿತ್ತು. ನಿಮ್ಮ ರಾಕ್ಷಸನ ಕಥೆ ಓದಿದ ತಾಯಿ ಬೀದಿಯತ್ತ ಕಣ್ಣಿಡುತ್ತಾಳೆ, ಪಡಸಾಲೆಯಲ್ಲಿ ಕುಳಿತ ನೆಂಟನತ್ತ ಅಲ್ಲ.

‘ಇಂಥವರು ಮತ್ತೆ ಅದನ್ನೇ ಮಾಡುತ್ತಾರೆ’ ಎಂಬ ಮಾತಿಗೆ ಆಧಾರ ಕೊಟ್ಟಿಲ್ಲ. ಕೆನಡಾದ ಸಂಶೋಧಕರಾದ ಹ್ಯಾನ್ಸನ್ ಮತ್ತು ಮಾರ್ಟನ್-ಬೂರ್ಗಾನ್ 2005ರಲ್ಲಿ 82 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಐದಾರು ವರ್ಷಗಳಲ್ಲಿ ಮತ್ತೆ ಲೈಂಗಿಕ ಅಪರಾಧದಲ್ಲಿ ಸಿಕ್ಕಿಬಿದ್ದವರು ಶೇ. 13.7ರಷ್ಟು. ಅದರಲ್ಲಿ ವಯಸ್ಕರ ಮೇಲೆ ಅಪರಾಧ ಎಸಗಿದವರೂ ಇದ್ದರು. ಎಷ್ಟೋ ಮಕ್ಕಳು ಬಾಯಿಬಿಡುವುದೇ ಇಲ್ಲವಾದ್ದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚಿರುತ್ತದೆ. ಈ ಎರಡನ್ನೂ ಬರೆಯಬೇಕು.

ತಡೆಗಟ್ಟುವಿಕೆಗೆ ನೀವು ಕೊಟ್ಟಿರುವುದು ಕೊನೆಯ ನಾಲ್ಕು ಸಾಲು, ಅದೂ ‘ಗಲ್ಲು’ ಎಂಬಲ್ಲಿಗೆ ಮುಗಿಯುತ್ತದೆ. ಲೇಖನದ ಜೀವ ಇರಬೇಕಾದದ್ದು ಇಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್‌ಹಾರ್ 1984ರಲ್ಲಿ ಹೇಳಿದಂತೆ ದೌರ್ಜನ್ಯ ನಡೆಯಲು ನಾಲ್ಕು ಹಂತಗಳನ್ನು ದಾಟಬೇಕು: ಅಪರಾಧಿಯಲ್ಲಿ ಪ್ರೇರಣೆ ಹುಟ್ಟಬೇಕು, ಅವನ ಒಳಗಿನ ಅಂಕೆ ಸಡಿಲಬೇಕು, ಸುತ್ತಲಿನವರ ಕಾವಲು ತಪ್ಪಬೇಕು, ಮಗುವಿನ ಪ್ರತಿರೋಧ ಮುರಿಯಬೇಕು. ನಾವು ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂದು ಕಲಿಸುತ್ತ, ನಾಲ್ಕನೆಯ ಹಂತದ ಭಾರವನ್ನೆಲ್ಲ ಆರು ವರ್ಷದ ಮಗುವಿನ ಹೆಗಲಿಗೇರಿಸಿ, ಮೂರನೆಯದರಲ್ಲಿ ದೊಡ್ಡವರ ಹೊಣೆಯನ್ನು ಮರೆಯುತ್ತೇವೆ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆ 2005ರಿಂದ ಮೊದಲೆರಡು ಹಂತಗಳಲ್ಲೇ ಕೈಹಾಕಿ, ಮಕ್ಕಳ ಕಡೆಗೆ ಆಕರ್ಷಣೆಯುಳ್ಳವರಿಗೆ ಗೋಪ್ಯವಾಗಿ ಚಿಕಿತ್ಸೆ ಕೊಡುತ್ತಿದೆ. ನಮ್ಮಲ್ಲಿ ಪೋಕ್ಸೊ 19ನೇ ಕಲಮು, ಅಪರಾಧ ನಡೆಯಬಹುದೆಂಬ ಆತಂಕವಿದ್ದರೂ ಪೊಲೀಸರಿಗೆ ತಿಳಿಸಬೇಕೆನ್ನುವಾಗ ಅಂಥವನು ವೈದ್ಯರ ಮುಂದೆ ಬಾಯಿ ತೆರೆದಾನೆಯೇ? ಮನೋವೈದ್ಯರನ್ನೂ ವಕೀಲರನ್ನೂ ಕಂಡು ಈ ಪ್ರಶ್ನೆಯನ್ನೇ ಬೆಳೆಸಿ.

ಇನ್ನೊಂದು. ನೀವು ವಿವರಿಸಿದ ಪ್ರಕರಣದಲ್ಲಿ ಮಗುವಿನ ಹೆಸರು ಬದಲಿಸಿದ್ದರೂ ಊರು, ಶಾಲೆ ಎರಡೂ ಉಳಿದಿವೆ. ಪೋಕ್ಸೊ 23ನೇ ಕಲಮಿನ ಪ್ರಕಾರ ಅದು ಅಪರಾಧ. ಆ ಭಾಗವನ್ನು ಪೂರ್ತಿ ತೆಗೆದು, ಹೊಸ ಪ್ರತಿಯನ್ನು ತಿಂಗಳೊಳಗೆ ಕಳುಹಿಸಿ.

ಇತಿ,
ಸಂಪಾದಕ