6, 7ನೇ ತರಗತಿ ಮಕ್ಕಳಿಗೆ ನಿರ್ಧಾರ ಮಾಡುವುದು, ಗುರಿ ಇಟ್ಟುಕೊಳ್ಳುವುದು ಹೇಗೆ ಕಲಿಸಲಿ?

ಹೊಸದಾಗಿ ಹಿರಿಯ ಪ್ರಾಥಮಿಕ ಶಾಲೆಗೆ ಬಂದಿದ್ದೀರಿ, "ನಿಮ್ಮ ಗುರಿ ಏನು?" ಅಂತ ಕೇಳಿದರೆ ಮಕ್ಕಳೆಲ್ಲ ಡಾಕ್ಟರ್, ಪೊಲೀಸ್, ಐಎಎಸ್ ಅಂತಾರೆ, ಮಾತು ಅಲ್ಲಿಗೇ ನಿಂತುಬಿಡುತ್ತದೆ ಅಂತ ಬರೆದಿದ್ದೀರಿ. ನಾನೂ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇದೇ ವಯಸ್ಸಿನವರಿಗೆ ಪಾಠ ಮಾಡುತ್ತೇನೆ. ಆ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ ಮೇಡಂ. ಮೊದಲು ನಿಜವಾದ ಒಂದು ನಿರ್ಧಾರ ಅವರ ಕೈಗೆ ಕೊಡಿ.

ನಾವು ಕೈತೋಟದಿಂದ ಶುರು ಮಾಡಿದೆವು. ಬಿಸಿಯೂಟದ ಸಾಂಬಾರಿಗೆ ಏನು ಬೆಳೆಯೋಣ? ಅರ್ಧ ಮಕ್ಕಳು ಟೊಮೆಟೊ ಅಂದರು, ಉಳಿದವರು ಹರಿವೆ ಸೊಪ್ಪು. ಸುಮ್ನೆ ಕೈ ಎತ್ತಿಸಿ ಮುಗಿಸಲಿಲ್ಲ. ಎರಡಕ್ಕೂ ಏನೇನು ಬೇಕು ಅಂತ ಬೋರ್ಡ್ ಮೇಲೆ ಬರೆಸಿದೆ. ಹರಿವೆ ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುತ್ತದೆ. ಟೊಮೆಟೊ ಹಣ್ಣಾಗಲು ಎರಡು ತಿಂಗಳ ಮೇಲೆ ಬೇಕು, ನಡುವೆ ದಸರಾ ರಜೆ. ಇಷ್ಟೆಲ್ಲ ಬರೆದ ಮೇಲೂ ಟೊಮೆಟೊನೇ ಗೆದ್ದಿತು. ಆಗಲಿ ಅಂದೆ. ರಜೆಯಲ್ಲಿ ನೀರು ಹಾಕುವವರಿಲ್ಲದೆ ಸುಮಾರು ಗಿಡ ಒಣಗಿದವು. ಬಂದ ಕೂಡಲೇ ಒಬ್ಬರ ಮೇಲೊಬ್ಬರು ದೂರು. ಯಾವತ್ತು ಯಾರು ನೀರು ಹಾಕಬೇಕು ಅಂತ ಬರೆದಿಟ್ಟ ಪುಸ್ತಕ ತೆಗೆದು ನೋಡಿ ಅಂದೆ. ರಜೆಯ ದಿನಗಳ ಎದುರು ಯಾರ ಹೆಸರೂ ಇರಲಿಲ್ಲ. ಮುಂದಿನ ಸಲ ಸರದಿ ಪಟ್ಟಿಯನ್ನು ಅವರೇ ಮಾಡಿ ಗೋಡೆಗೆ ಅಂಟಿಸಿದರು. ಮಕ್ಕಳಿಗೆ ಬಿಟ್ಟ ಮೇಲೆ ನಡುವೆ ಕೈ ಹಾಕಬೇಡಿ. "ನಾನು ಮೊದಲೇ ಹೇಳಿರಲಿಲ್ವಾ" ಅನ್ನುವ ಮಾತಂತೂ ಬೇಡವೇ ಬೇಡ.

ಇನ್ನು ಗುರಿ. ಹದಿನೈದು ದಿನದ್ದು ಸಾಕು, ಅದೂ ಮಗುವಿನ ಕೈಯಲ್ಲಿ ಇರುವಂಥದ್ದು. ಒಬ್ಬ ಹುಡುಗ "ಗಣಿತದಲ್ಲಿ ಫಸ್ಟ್ ಬರಬೇಕು" ಅಂತ ಬರೆದಿದ್ದ. ಅವನ ನೋಟ್‌ಬುಕ್ ತೆಗೆದು ಇಬ್ಬರೂ ಕೂತು ನೋಡಿದೆವು. 4216 ಅನ್ನು 4ರಿಂದ ಭಾಗಿಸಿದರೆ 1054 ಬರಬೇಕು, ಅವನು 154 ಬರೆದಿದ್ದ. ಎಲ್ಲ ಕಡೆ ಅದೇ ಕಥೆ, ಭಾಗಲಬ್ಧದಲ್ಲಿ ಸೊನ್ನೆ ಹಾಕುವುದನ್ನು ಬಿಡುತ್ತಿದ್ದ. ಹಳೆಯ ಗುರಿ ಹೊಡೆದುಹಾಕಿ ಹೊಸದು ಬರೆದ: ದಿನಾ ಮೂರು ಭಾಗಾಕಾರ, ಪ್ರತಿಯೊಂದನ್ನೂ ಗುಣಿಸಿ ತಾಳೆ ನೋಡುವುದು. ಮಾಡಿದ್ದೀನೋ ಇಲ್ಲವೋ ಅಂತ ಅವನಿಗೇ ಗೊತ್ತಾಗುತ್ತದೆ, ಯಾರೂ ಹೇಳಬೇಕಿಲ್ಲ.

ಒಂದು ಎಚ್ಚರಿಕೆ. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಹುಡುಗಿಯಿಂದ "ದಿನಾ ಶಾಲೆಗೆ ಬರುತ್ತೇನೆ" ಅಂತ ಬರೆಸಬೇಡಿ. ಅದು ಅವಳೊಬ್ಬಳ ಕೈಯಲ್ಲಿಲ್ಲ. ಅವಳ ಅಮ್ಮನ ಹತ್ತಿರ ನೀವೇ ಹೋಗಿ ಮಾತಾಡಬೇಕು. ಏಳನೇ ತರಗತಿ ಮುಗಿದ ಮೇಲೆ ಯಾವ ಹೈಸ್ಕೂಲು ಅನ್ನುವುದಕ್ಕೂ ತಂದೆತಾಯಿಯನ್ನು ಕರೆಸಿ, ಮಗು ಎದುರಿಗೇ ಕೂತಿರಲಿ. ಎಲ್ಲರಿಗಿಂತ ಮೊದಲು ಮಗು ಮಾತಾಡಲಿ. ಹಾಸ್ಟೆಲ್ ಇದ್ದರೆ ಒಮ್ಮೆ ಹೋಗಿ ನೋಡಿ ಬರಲಿ.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳು ತಮ್ಮ ಸಮಸ್ಯೆಗಳನ್ನು ಪಂಚಾಯಿತಿಯವರ ಮುಂದಿಡುವ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ ಅಲ್ವಾ, ಅದನ್ನು ಖಂಡಿತ ಬಿಡಬೇಡಿ. ಎಷ್ಟೋ ಶಾಲೆಗಳಲ್ಲಿ ಪ್ರಶ್ನೆಗಳನ್ನು ಮೇಷ್ಟ್ರೇ ಬರೆದುಕೊಡುತ್ತಾರೆ, ಮಕ್ಕಳು ಓದಿ ಕೂರುತ್ತಾರೆ. ನೀವು ಹಾಗೆ ಮಾಡಬೇಡಿ. ಶೌಚಾಲಯದ ನೀರೋ, ಕಾಂಪೌಂಡೋ, ಬಸ್ಸಿನ ಸಮಯವೋ, ಯಾವುದನ್ನು ಮೊದಲು ಕೇಳಬೇಕು ಅಂತ ಮಕ್ಕಳೇ ವಾದ ಮಾಡಿ ಒಂದನ್ನು ಆರಿಸಲಿ. ಕೆಲಸ ಆಗದಿದ್ದರೆ ಮುಂದಿನ ತಿಂಗಳು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಯಾರು ಹೋಗಿ ಕೇಳುತ್ತಾರೆ ಅನ್ನುವುದನ್ನೂ ಅವತ್ತೇ ಬರೆದಿಟ್ಟುಕೊಳ್ಳಲಿ.